ಝೆರಾಕ್ಸ್ ಮಷೀನಿಗೆ ನಾವು ಕೊಟ್ಟ ಬೆಲೆ

ನಮ್ಮ ಸಂಘದಲ್ಲಿ ಇಂಥದ್ದು ವರ್ಷಕ್ಕೊಂದಾದರೂ ಆಗುತ್ತದೆ. ನಗುವಂಥದ್ದೇ, ಆದರೆ ಅದಕ್ಕೆ ಸಂಬಂಧಪಡದವರಾಗಿರಬೇಕು. ನಾನು ಸಂಬಂಧಪಟ್ಟವನು. ತುರುವೇಕೆರೆಗೂ ತಿಪಟೂರಿಗೂ ನಡುವಿನ ಒಂದು ಊರಿನಲ್ಲಿ ತೆಂಗು ಬೆಳೆಗಾರರ ಸಂಘದ ಕಾರ್ಯದರ್ಶಿ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ಅದರಿಂದಾದ ಉಪಯೋಗ ಇಷ್ಟೇ: ಸಂಘ ಹಳ್ಳಕ್ಕೆ ಬೀಳುವ ಮುಂಚೆ ಆ ಹಳ್ಳದ ಶಾಸ್ತ್ರೀಯ ಹೆಸರು ನನಗೆ ಗೊತ್ತಿರುತ್ತದೆ. ಈ ಸಲದ ಹಳ್ಳ ಒಂದು ಝೆರಾಕ್ಸ್ ಮಷೀನ್.

೧. ಉಳಿತಾಯ

ಕೊಬ್ಬರಿಗೆ ಬೆಂಬಲ ಬೆಲೆ ನೋಂದಣಿ ಶುರುವಾದರೆ ಸುತ್ತಲಿನ ಹಳ್ಳಿಗಳೆಲ್ಲ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ನಮ್ಮ ಬಾಗಿಲಲ್ಲಿ ನಿಲ್ಲುತ್ತವೆ. ಎಲ್ಲದಕ್ಕೂ ನಕಲು ಬೇಕು. ಝೆರಾಕ್ಸ್ ಅಂಗಡಿ ಇರುವುದು ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿಗೆ ಹೋಗಿ ಬರುವುದೇ ನಮ್ಮ ಅಟೆಂಡರನ ಕೆಲಸ.

ಅಟೆಂಡರ್ ಕಂದಿಕೆರೆ ಕಡೆಯವನು. ದಿನಗೂಲಿಯಾಗಿ ಸೇರಿ, ಕಾಯಂ ಆಗುತ್ತೇನೆಂದು ಕಾಯುತ್ತಲೇ ಕೂದಲು ನರೆಸಿಕೊಂಡವನು. ಮನೆಯ ಹಿಂದೆ ನಾಲ್ಕು ತೆಂಗಿನ ಮರ, ನಾಲ್ಕಕ್ಕೂ ನುಸಿ ರೋಗ. ಮಗಳು ತಿಪಟೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಸಂಘದ ಸಂಬಳ ನಿಂತರೆ ಆ ಮನೆಯಲ್ಲಿ ಮಿಕ್ಕೆಲ್ಲವೂ ನಿಲ್ಲುತ್ತದೆ. ಇದು ಊರಿಗೆಲ್ಲ ಗೊತ್ತು. ಅವನು ಒಂದು ಹಾಳೆಯ ನಕಲಿಗೆ ಹೋದರೆ ಟೀ ಕುಡಿದು, ಪೇಪರ್ ಓದಿ, ಬಸ್ಸಿಳಿದವರ ಯೋಗಕ್ಷೇಮ ವಿಚಾರಿಸಿ ಬರುತ್ತಾನೆ ಎಂಬುದೂ ಗೊತ್ತು.

ಆಡಳಿತ ಮಂಡಳಿ ಸಭೆಯಲ್ಲಿ ಅಧ್ಯಕ್ಷರು ವಿಷಯ ಎತ್ತಿದರು. "ಇವನು ಝೆರಾಕ್ಸಿಗೆ ಹೋದ್ರೆ ಕಾಶಿಗೆ ಹೋದಂಗೆ ಕಣ್ರೀ. ಒಂದು ಮಷೀನ್ ತಂದುಬುಡಿ. ಇವನ ಸಂಬಳ ಮಿಗ್ತದೆ. ಆ ದುಡ್ಡಲ್ಲೇ ಮಷೀನಿನ ಸಾಲ ತೀರ್ತದೆ."

ಎಲ್ಲರೂ ತಲೆಯಾಡಿಸಿದರು. ನಾನು ಟೋನರು, ರಿಪೇರಿ, ಕರೆಂಟು ಎಂದು ಏನೋ ಹೇಳಲು ಹೋದೆ. "ನೀವು ಓದಿದೋರು, ಅವನಿಗೆ ನಯವಾಗಿ ಹೇಳಿ ಸಾಕು" ಎಂದರು.

ಹೇಳುವ ಅಗತ್ಯವೇನೂ ಇರಲಿಲ್ಲ. ಅಟೆಂಡರ್ ಅಲ್ಲೇ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ. ಪೂರ್ತಿ ಕೇಳಿಸಿಕೊಂಡು ಅಧ್ಯಕ್ಷರ ಕಡೆ ಬಗ್ಗಿ, "ಸಕ್ಕರೆ ಸಾಕಾ ಸಾರ್?" ಎಂದ.

೨. ಲಾಭದ ಗುಟ್ಟು

ತುಮಕೂರಿನಿಂದ ಒಬ್ಬ ಮಾರಾಟಗಾರ ಬಂದ. ಟೈ ಕಟ್ಟಿದ್ದ. ಬಿಸಿಲಿಗೆ ಅದು ಕೊರಳಿನ ಹಗ್ಗದ ಹಾಗೆ ಕಾಣುತ್ತಿತ್ತು. ಮಷೀನಿನ ಬೆಲೆ ಹೇಳಿದ. ಅದು ಬರೀ ಬಾಗಿಲು ತೆರೆಯುವ ಬೆಲೆ ಎಂದು ಆಮೇಲೆ ತಿಳಿಯಿತು. ಒಳಗೆ ಟೋನರ್ ಇತ್ತು, ಡ್ರಮ್ ಇತ್ತು, ವರ್ಷದ ಸರ್ವೀಸ್ ಕರಾರು ಇತ್ತು. ಕರಾರಿನಲ್ಲಿ ಸೇರದ ಭಾಗಗಳೆಂದು ಇನ್ನೊಂದು ಪಟ್ಟಿ ಇತ್ತು. ಮಷೀನಿನಲ್ಲಿ ಕೆಡಬಹುದಾದದ್ದೆಲ್ಲ ಅದರಲ್ಲೇ ಇತ್ತು.

"ಬಾಡಿಗೆಗೂ ಕೊಡ್ತೀವಿ ಸಾರ್. ಕೆಟ್ಟರೆ ನಮ್ಮ ಜವಾಬ್ದಾರಿ" ಎಂದ. ನನಗೆ ಅದೇ ಸರಿ ಅನ್ನಿಸಿತು. ಹಾಗೆಂದೆ.

ಒಬ್ಬ ನಿರ್ದೇಶಕರು ನನ್ನನ್ನು ಕನಿಕರದಿಂದ ನೋಡಿದರು. "ಗುತ್ತಿಗೆ ತೋಟಕ್ಕೆ ಯಾವನಾದ್ರೂ ಗೊಬ್ಬರ ಹೊಡೀತಾನೇನ್ರೀ? ಸ್ವಂತದ್ದೇ ಇರ್ಬೇಕು." ಬಾಡಿಗೆಯ ಮಾತು ಅಲ್ಲಿಗೆ ಮುಗಿಯಿತು.

ಅಧ್ಯಕ್ಷರು ಬುದ್ಧಿವಂತ ಪ್ರಶ್ನೆ ಕೇಳಿದರು. "ಒಂದು ಕಾಪಿಗೆ ಎಷ್ಟು ಬೀಳ್ತದೆ?"

"ಅದು ನೀವು ಎಷ್ಟು ಮಾಡ್ತೀರಿ ಅನ್ನೋದರ ಮೇಲೆ ಸಾರ್. ಕಡಿಮೆ ಮಾಡಿದ್ರೆ ಅಂಗಡಿಗಿಂತ ಜಾಸ್ತಿ ಬೀಳ್ತದೆ. ಜಾಸ್ತಿ ಮಾಡಿದಷ್ಟೂ ಕಡಿಮೆ."

ಇದೊಂದೇ ಮಾತು ಅವನು ಆ ದಿನ ಆಡಿದ ನಿಜ. ಸ್ಥಿರವೆಚ್ಚದ ಬಗ್ಗೆ ನಾನು ಎರಡು ವರ್ಷ ಓದಿದ್ದೂ ಅಷ್ಟೇ. ಅಧ್ಯಕ್ಷರು ಕಣ್ಣು ಮುಚ್ಚಿ ಯೋಚಿಸಿ ನನ್ನ ಕಡೆ ತಿರುಗಿದರು.

"ಕೇಳಿದ್ರಾ? ಇನ್ಮೇಲೆ ಒಂದು ಬೇಕಾದ ಕಡೆ ಹತ್ತು ಮಾಡಿ. ಸುಮ್ನೆ ನಷ್ಟ ಯಾಕೆ ಮಾಡ್ಕೋಬೇಕು?"

೩. ಒಣಗಿದ ಮಾಲು

ಹೊಸದರ ಬೆಲೆ ಕೇಳಿ ಮಂಡಳಿಗೆ ಬಾಯಾರಿತು. ಹಳೆಯದನ್ನೇ ನೋಡೋಣವೆಂದು ತಿಪಟೂರಿಗೆ ಹೋದೆವು. ಮಾಲು ಪರೀಕ್ಷಿಸಲು ಸಂಘದ ಹಿರಿಯ ನಿರ್ದೇಶಕರನ್ನು ಕರೆದುಕೊಂಡು ಹೋಗಬೇಕೆಂದು ಅಪ್ಪಣೆಯಾಗಿತ್ತು. ಕೊಬ್ಬರಿ ವಿಚಾರದಲ್ಲಿ ಅವರ ಮಾತಿಗೆ ಮಂಡಿಯವರೂ ಎದುರಾಡುವುದಿಲ್ಲ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಕೊಬ್ಬರಿ ಗಿಟಕು ಕರಟದಿಂದ ಬಿಟ್ಟುಕೊಂಡು ಲೊಟಲೊಟ ಎಂದರೆ ಒಣಗಿದೆ ಎಂದರ್ಥ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ವಾಪಸ್ ಅಟ್ಟಕ್ಕೆ.

ಅಂಗಡಿಯಲ್ಲಿ ಮೂರು ಮಷೀನು ಇದ್ದವು. ಹಿರಿಯರು ಮೂರನ್ನೂ ಸುತ್ತಿ ನೋಡಿದರು. ಬೆರಳಿನಿಂದ ಬಡಿದರು. ಆಮೇಲೆ ಅಟೆಂಡರನ್ನು ಕರೆದು, "ಲೇ, ಆ ಕಡೆ ಹಿಡ್ಕಳ್ಲಾ, ಅಲ್ಲಾಡ್ಸು" ಎಂದರು. ಹೌದು, ಅಟೆಂಡರನ್ನೂ ಕರೆದುಕೊಂಡು ಹೋಗಿದ್ದೆವು. ಮಷೀನನ್ನು ಹೊತ್ತು ಟೆಂಪೋಗೆ ಹಾಕಲು ಆಳು ಬೇಕಲ್ಲ.

ಮೊದಲ ಎರಡು ಸುಮ್ಮನಿದ್ದವು. ಮೂರನೆಯದು ಹೊಟ್ಟೆಯೊಳಗಿಂದ ಲೊಟಲೊಟ ಎಂದಿತು. ಹಿರಿಯರ ಮುಖ ಅರಳಿತು.

"ಇದು ಚೆನ್ನಾಗಿ ಬಿಟ್ಕಂಡೈತೆ. ಇದೇ ಇರ್ಲಿ."

"ಯಜಮಾನ್ರೇ, ಅದು ಮಷೀನು. ಸದ್ದು ಬರಬಾರದು" ಎಂದೆ.

"ಸದ್ದು ಬರದೇ ಇರೋ ಮಾಲು ತಗಂಡು ಮನೆ ಹಾಳು ಮಾಡ್ಕಂಡೋರನ್ನ ನಾನು ನೋಡಿದೀನಿ ಕಣಪ್ಪ. ನೀವು ಪುಸ್ತಕ ನೋಡಿದೀರಿ."

ಅಂಗಡಿಯವನು ನಮ್ಮಿಬ್ಬರ ಮುಖವನ್ನೂ ನೋಡಿದ. ಅವನು ಬಹಳ ದಿನದಿಂದ ಇಂಥ ಗಿರಾಕಿಗಾಗಿ ಕಾದಿದ್ದನೆಂದು ಕಾಣುತ್ತದೆ. "ಯಜಮಾನ್ರಿಗೆ ಮಾಲು ಗೊತ್ತಾಗ್ತದೆ ಸಾರ್, ಬುಡಿ" ಎಂದ.

ತನ್ನ ಕೆಲಸ ಕಳೆಯಲಿರುವ ಮಷೀನನ್ನು ಅಟೆಂಡರ್ ಮಡಿಲಲ್ಲಿ ಅವುಚಿಕೊಂಡು ಟೆಂಪೋದ ಹಿಂದೆ ಕೂತ. ತಿಪಟೂರಿನಿಂದ ಬರುವ ದಾರಿಯ ಗುಂಡಿಗಳಲ್ಲಿ ಅದು ಲೊಟಲೊಟ ಎಂದಾಗಲೆಲ್ಲ ಹಿರಿಯರು ಮುಂದಿನ ಸೀಟಿನಲ್ಲಿ ತೃಪ್ತಿಯಿಂದ ತಲೆದೂಗುತ್ತಿದ್ದರು.

೪. ಗೃಹಪ್ರವೇಶ

ಮಷೀನಿಗೆ ಮೇಜು ಬೇಕಾಯಿತು. ಮೇಜಿಗೆ ಜಾಗ ಬೇಕಾಯಿತು. ನಮ್ಮ ವೋಲ್ಟೇಜಿಗೆ ಸ್ಟೆಬಿಲೈಸರ್ ಬೇಕಾಯಿತು. ಗೋದಾಮಿನಿಂದ ಕೊಬ್ಬರಿಯ ಧೂಳು ಬಾರದಂತೆ ಒಂದು ಅಡ್ಡಗೋಡೆ, ಗೋಡೆಗೊಂದು ಬಾಗಿಲು, ಬಾಗಿಲಿಗೊಂದು ಬೀಗ. ಮಗಳ ಮದುವೆ ಮಾಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಪೂಜೆಯಾಯಿತು. ನಮ್ಮ ಕಡೆ ಪೂಜೆಗೆ ಸಣ್ಣ ಕಾಯಿ ಒಡೆದರೆ ಬೆಳೆಗಾರನ ಮಾನ ಹೋಗುತ್ತದೆ. ಅಧ್ಯಕ್ಷರು ತಮ್ಮ ತೋಟದ ದೊಡ್ಡ ಕಾಯನ್ನೇ ತಂದಿದ್ದರು. ಒಡೆದದ್ದು ಮಷೀನಿನ ಪಕ್ಕದಲ್ಲೇ. ನೀರು ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಯಿತು.

ಅಂದಿನಿಂದ ಪ್ರತಿ ನಕಲಿನ ನಡುವೆಯೂ ಒಂದು ಕಪ್ಪು ಪಟ್ಟೆ. ಪಹಣಿಯಲ್ಲಿ ಅದು ಸರಿಯಾಗಿ ಸರ್ವೆ ನಂಬರಿನ ಮೇಲೆ, ಆಧಾರ್‌ನಲ್ಲಿ ಮುಖದ ಮೇಲೆ. ನೋಂದಣಿಗೆ ಸಂಪಿಗೆ ಎಂಬ ಊರಿನ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ದರು. ತಮ್ಮ ಆಧಾರ್ ನಕಲನ್ನು ಬೆಳಕಿಗೆ ಹಿಡಿದು ನೋಡಿದರು.

"ಇದ್ಯಾರಪ್ಪ? ನಾನಲ್ಲ ಕಣಪ್ಪ ಇದು."

ಅಟೆಂಡರ್ ಅವರ ಕೈಯಿಂದ ಮೂಲ ಕಾರ್ಡನ್ನು ಇಸಿದುಕೊಂಡು ಎರಡನ್ನೂ ಪಕ್ಕಪಕ್ಕ ಹಿಡಿದ. "ಮಷೀನ್‌ದೇನೂ ತಪ್ಪಿಲ್ಲ ಅಜ್ಜಿ. ಕಾರ್ಡಲ್ಲೂ ನೀವಲ್ಲ" ಎಂದ.

೫. ತಜ್ಞರ ಭೇಟಿ

ಮಳೆಗಾಲ ಮುಗಿಯುವ ಮೊದಲೇ ಮಷೀನ್ ಪೂರ್ತಿ ನಿಂತಿತು. ತುಮಕೂರಿನಿಂದ ಮೆಕ್ಯಾನಿಕ್ ಬಂದ. ಬಂದದ್ದಕ್ಕೆ ಒಂದು ಚಾರ್ಜು, ಮುಚ್ಚಳ ತೆಗೆದದ್ದಕ್ಕೆ ಇನ್ನೊಂದು. ಒಳಗೆ ಇಲಿಯೊಂದು ತೆಂಗಿನ ನಾರಿನಿಂದ ಅಚ್ಚುಕಟ್ಟಾದ ಗೂಡು ಕಟ್ಟಿ, ಕೊಬ್ಬರಿ ಚೂರು ದಾಸ್ತಾನು ಮಾಡಿಕೊಂಡಿತ್ತು. ನಮ್ಮ ಸಂಘದಲ್ಲಿ ದಾಸ್ತಾನು ಸರಿಯಾಗಿ ಇಟ್ಟಿದ್ದ ಜಾಗ ಅದೊಂದೇ.

ಗೂಡನ್ನು ತೆಗೆದ ಮೇಲೆ ಮೆಕ್ಯಾನಿಕ್ ತಳಕ್ಕೆ ಕೈ ಹಾಕಿ ಬೆರಳುದ್ದದ ಕಬ್ಬಿಣದ ತುಂಡೊಂದನ್ನು ಹೊರಗೆಳೆದ.

"ಇದು ಮುರಿದು ಬಹಳ ಕಾಲ ಆಗಿದೆ. ಇಡೀ ರೋಲರನ್ನ ಇದೇ ತಿಂದಿದೆ. ಅಲ್ಲಾಡಿಸಿದ್ರೆ ಸದ್ದು ಬರ್ತಿತ್ತಲ್ಲ ಸಾರ್. ತಗೊಳ್ಳುವಾಗ ಯಾರೂ ನೋಡಲಿಲ್ವಾ?"

ಹಿರಿಯ ನಿರ್ದೇಶಕರು ಅಲ್ಲೇ ಬೆಂಚಿನ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. "ನೋಡೇ ತಗಂಡಿದ್ದು ಕಣಪ್ಪ" ಎಂದರು.

೬. ಆದೇಶದ ನಕಲು

ರೋಲರ್ ಬರಬೇಕು, ಬಂದಾಗ ಫೋನ್ ಮಾಡುತ್ತೇನೆ ಎಂದು ಮೆಕ್ಯಾನಿಕ್ ಹೋದ. ಮಷೀನ್ ಬೀಗ ಹಾಕಿದ ಕೋಣೆಯಲ್ಲಿ ಉಳಿಯಿತು. ಅಟೆಂಡರ್ ಮತ್ತೆ ಸೈಕಲ್ ಹತ್ತಿದ.

ಆಗ ಅಧ್ಯಕ್ಷರು ನನ್ನನ್ನು ಕರೆದು, ಅವನನ್ನು ಇನ್ನೂ ಯಾಕೆ ತೆಗೆದಿಲ್ಲ ಎಂದು ಕೇಳಿದರು.

"ಮಷೀನ್ ಕೆಟ್ಟಿದೆಯಲ್ಲ" ಎಂದೆ.

"ಮಷೀನ್ ಕೆಟ್ಟೈತೆ ಅಂತ ಲೆಕ್ಕ ಕೆಡಿಸಕ್ಕಾಗ್ತದೇನ್ರೀ? ಅವನ ಸಂಬಳ ಮಿಗ್ತದೆ ಅಂತ ಮಹಾಸಭೇಲಿ ಹೇಳಿ ಚಪ್ಪಾಳೆ ಹೊಡೆಸ್ಕಂಡಿದೀನಿ. ಆರ್ಡರ್ ಬರೀರಿ."

ಬರೆದೆ. ಚೆನ್ನಾಗಿಯೇ ಬರೆದೆ. ಎಂ.ಎ. ಇಂಥ ಕೆಲಸಕ್ಕೆ ಒದಗುತ್ತದೆ. "ಯಾಂತ್ರೀಕರಣದ ಹಿನ್ನೆಲೆಯಲ್ಲಿ ತಮ್ಮ ಸೇವೆ ಅಗತ್ಯವಿರುವುದಿಲ್ಲ." ಸಹಿ ಮಾಡಿದೆ. ಅಟೆಂಡರನ್ನು ಒಳಗೆ ಕರೆದು ಬಾಗಿಲು ಹಾಕಿ, ನಯವಾಗಿ ಹೇಳಲು ಬಾಯಿ ತೆರೆದೆ. ಕೊನೆಗೆ ಹಾಳೆಯನ್ನೇ ಮುಂದೆ ಇಟ್ಟೆ.

ಅವನು ನಿಂತೇ ಓದಿದ. ಇನ್ನೊಂದು ಸಲ ಓದಿದ. ಅವನ ಮುಖವನ್ನು ನೋಡದಿರಲು ನಾನು ಕಿಟಕಿಯ ಕಡೆ ನೋಡಿದೆ.

"ಇದಕ್ಕೆಷ್ಟು ಕಾಪಿ ಬೇಕು ಸಾರ್?" ಎಂದ.

ನಾನು ಅದನ್ನು ಯೋಚಿಸಿರಲಿಲ್ಲ. ಫೈಲಿಗೊಂದು, ಅಧ್ಯಕ್ಷರಿಗೊಂದು, ನಿರ್ದೇಶಕರಿಗೆಲ್ಲ ಒಂದೊಂದು, ಇಲಾಖೆಗೊಂದು. ನಕಲುಗಳು ಎಲ್ಲರಿಗೂ ಮುಟ್ಟದೆ ನಮ್ಮಲ್ಲಿ ಯಾವ ಆದೇಶವೂ ಜಾರಿಯಾಗುವುದಿಲ್ಲ.

"ಮಷೀನ್ ಕೆಟ್ಟೈತಲ್ಲ" ಎಂದು ಅವನೇ ಹೇಳಿ, ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡ. "ಬಸ್‌ಸ್ಟ್ಯಾಂಡಲ್ಲಿ ಮಾಡಿಸ್ಕಂಡು ಬತ್ತೀನಿ."

ಸಂಜೆ ಬಂದ. "ಅಂಗಡೀಲಿ ಕರೆಂಟಿರ್ಲಿಲ್ಲ ಸಾರ್. ನಾಳೆ ಹೋಯ್ತೀನಿ."

ಮಾರನೆಯ ದಿನವೂ ಕರೆಂಟಿರಲಿಲ್ಲ. ಅದರ ಮಾರನೆಯ ದಿನ ಅಂಗಡಿಯವನ ಟೋನರ್ ಮುಗಿದಿತ್ತು. ಆಮೇಲೆ ಮತ್ತೆ ಕರೆಂಟು. ಈ ನಡುವೆ ಸದಸ್ಯರ ಪಹಣಿ, ಆಧಾರ್, ಪಾಸ್‌ಬುಕ್ಕುಗಳೆಲ್ಲ ಅದೇ ಅಂಗಡಿಯಿಂದ ಅದೇ ಚೀಲದಲ್ಲಿ ನಕಲಾಗಿ ಬರುತ್ತಿದ್ದವು. ನಾನು ಅದನ್ನು ನೋಡುತ್ತಿದ್ದೆ. ಕೇಳಲಿಲ್ಲ. ತಿಂಗಳ ಕೊನೆಗೆ ಅವನ ಸಂಬಳದ ಚೀಟಿ ಬಂದಾಗ ಸಹಿ ಹಾಕಿದೆ. ಅಧ್ಯಕ್ಷರು ವಿಚಾರಿಸಿದಾಗ "ಆದೇಶ ಆಗಿದೆ, ನಕಲು ಬರಬೇಕು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇದು ಹೀಗೆಯೇ ನಡೆಯುವುದಿಲ್ಲ ಎಂದೂ ನನಗೆ ಗೊತ್ತಿತ್ತು. ರೋಲರ್ ಬಂದ ದಿನ ಮಷೀನ್ ಏಳುತ್ತದೆ. ಎದ್ದ ಮಷೀನ್ ಮೊದಲು ಮಾಡುವ ನಕಲು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಮೊನ್ನೆ ನಾನು ತಾಲ್ಲೂಕಿಗೆ ಹೋಗಿ ಬಂದಾಗ ಅಟೆಂಡರ್ ನೀರಿನ ಲೋಟ ತಂದಿಟ್ಟು ಪಕ್ಕದಲ್ಲೇ ನಿಂತ.

"ಮೆಕ್ಯಾನಿಕ್ಕು ಫೋನ್ ಮಾಡಿದ್ದ ಸಾರ್. ರೋಲರ್ ಬಂದೈತಂತೆ. ನಾಳೆ ಬರ್ಲಾ ಅಂದ."

ನಾನು ನೀರು ಕುಡಿಯುವುದನ್ನು ನಿಲ್ಲಿಸಿದೆ. "ಏನಂದೆ?"

"ಆಫೀಸಲ್ಲಿ ಯಾರೂ ಇಲ್ಲ, ಎಲ್ರೂ ಮದುವೆ ಓಡಾಟದಲ್ಲವ್ರೆ, ಮುಗಿದ ಮ್ಯಾಲೆ ನಾವೇ ಹೇಳಿ ಕಳಿಸ್ತೀವಿ ಅಂದೆ."

"ಯಾರ ಮದುವೆ?"

"ಅವನೂ ಅದೇ ಕೇಳ್ದ ಸಾರ್. ಬಾಯಿಗೆ ಬೇರೆ ಯಾರೂ ಬರ್ಲಿಲ್ಲ. ನಿಮ್ದೇ ಅಂದ್ಬುಟ್ಟೆ."

ನನಗೆ ಮದುವೆಯಾಗಿ, ಮಗಳೇ ಪಿಯುಸಿ ಓದುತ್ತಿದ್ದಾಳೆ. ನಾನು ಲೋಟ ಕೆಳಗಿಟ್ಟೆ.

"ಯಾವತ್ತು ಅಂತ ಹೇಳಿದೀಯ?"

"ಇನ್ನೂ ಮುಹೂರ್ತ ಕೂಡಿ ಬಂದಿಲ್ಲ ಅಂದಿದೀನಿ ಸಾರ್."