ನನ್ನ ಎಡ ಮೊಣಕಾಲು ಮತ್ತು ಅಪ್ಪನ ಹಳದಿ ಬಟ್ಟೆ

ಹೆದರಿಕೆಯಾದರೆ ಎದೆ ಡವಗುಟ್ಟುತ್ತದೆ, ಹೊಟ್ಟೆಯಲ್ಲಿ ತಳಮಳವಾಗುತ್ತದೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ನನ್ನ ಹೆದರಿಕೆ ಅಷ್ಟು ಎತ್ತರಕ್ಕೆ ಹತ್ತಿ ಬರುವುದಿಲ್ಲ. ಅದು ಎಡ ಮೊಣಕಾಲಿನಲ್ಲೇ ಮನೆ ಮಾಡಿಕೊಂಡಿದೆ. ಸಂಡೂರಿನ ಕಾನ್ವೆಂಟಿನಲ್ಲಿ ಓದುವಾಗ ಪರೀಕ್ಷೆ ಬಂತೆಂದರೆ ಈ ಮೊಣಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತಿತ್ತು. ಅದರ ಜೊತೆಗೆ ಬೆಂಚು, ಬೆಂಚಿನ ಜೊತೆಗೆ ಪಕ್ಕದವಳ ಪೆನ್ಸಿಲ್ಲು. "ನಿನ್ನ ಕಾಲಾಗ ನನ್ನ ನಕ್ಷಾದಾಗ ಶ್ರೀಲಂಕಾ ಬಂದು ಕನ್ಯಾಕುಮಾರಿಗೆ ಕೂಡಿಬಿಡ್ತು ನೋಡು" ಎಂದು ಅವಳು ಅಳುತ್ತಿದ್ದಳು. ಸಿಸ್ಟರ್ ಬಂದು ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸು ಎನ್ನುತ್ತಿದ್ದರು. ನಾನು ವಿಧೇಯ ಹುಡುಗಿ. ಹತ್ತಕ್ಕೆ ಕಾಲು ನಿಲ್ಲದಿದ್ದರೆ ನೂರರವರೆಗೂ ಎಣಿಸುತ್ತಿದ್ದೆ. ಅಷ್ಟರಲ್ಲಿ ಅರ್ಧ ಗಂಟೆಯ ಬೆಲ್ ಹೊಡೆಯುತ್ತಿತ್ತು.

ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ ಪರೀಕ್ಷೆಗಳು ಮುಗಿದವು, ಮೊಣಕಾಲೂ ತೆಪ್ಪಗಾಯಿತು. ಹೀಗಿರುವಾಗ ಹೋದ ವರ್ಷ, ಐವತ್ತೆರಡನೆಯ ವಯಸ್ಸಿನಲ್ಲಿ, ಕಾರಿನ ಲೈಸೆನ್ಸಿಗೆ ಅರ್ಜಿ ಹಾಕಿದೆ. ಕ್ಲಚ್ ಒತ್ತುವುದು ಎಡಗಾಲಿನಲ್ಲಿ ಎಂಬ ವಿಷಯ ಅರ್ಜಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಅಪ್ಪನಿಗಾಗಿ ಬೇಕಿತ್ತು. ಅಪ್ಪ ಸಂಡೂರಿನ ಗಣಿಯೊಂದರಲ್ಲಿ ಮೂವತ್ತು ವರ್ಷ ಸಾಹೇಬರ ಜೀಪು ಓಡಿಸಿದವರು. ಸಾಹೇಬರ ಮಗಳನ್ನು ಕಾನ್ವೆಂಟಿಗೆ ಬಿಡುವ ಜೀಪಿನಲ್ಲೇ ನಾನೂ ಹೋಗುತ್ತಿದ್ದೆ. ಅವಳು ಹಿಂದೆ, ನಾನು ಮುಂದೆ ಅಪ್ಪನ ಪಕ್ಕದಲ್ಲಿ. ಸಾಹೇಬರ ಮನೆಗೆ ಊರಿಂದ ನೆಂಟರು ಬಂದಾಗಲೆಲ್ಲ ಅಪ್ಪ ಅವರನ್ನು ಹಂಪಿಗೆ ಕರೆದೊಯ್ಯುತ್ತಿದ್ದರು. ನೆಂಟರು ಗುಡಿ ಗೋಪುರ ನೋಡಿ ಬರುವವರೆಗೆ ಜೀಪು ಕಾಯುವ ಕೆಲಸ ಅಪ್ಪನದು. ಹಾಗಾಗಿ ಅಪ್ಪ ಕಂಡ ಹಂಪಿಯಲ್ಲಿ ಒಂದು ಹುಣಸೆ ಮರವಿತ್ತು, ಅದರ ನೆರಳಿತ್ತು, ಮತ್ತೇನೂ ಇರಲಿಲ್ಲ.

ಈಗ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಎಂಬತ್ತೆರಡು ವರ್ಷ. ಕಣ್ಣು ಮಂಜಾಗುತ್ತಾ ಬಂದಿದೆ. ಡಾಕ್ಟರು ಇನ್ನು ಇದ್ದ ಬೆಳಕನ್ನು ಜೋಪಾನ ಮಾಡಬೇಕಷ್ಟೇ ಎಂದರು. ಅವತ್ತು ಊಟ ಮಾಡುತ್ತಾ ಅಪ್ಪ, "ಯವ್ವಾ, ಒಂದ್ ಸಲ ಹಿಂದಿನ ಸೀಟಿನ್ಯಾಗ ಕುಂತು ಹಂಪಿಗೆ ಹೋಗಬೇಕು ನೋಡು. ಸಾಹೇಬ್ರಂಗ. ಒಳಗ ಏನೈತಿ ಅಂತ ನೋಡೇ ಇಲ್ಲ" ಎಂದರು.

ನಮ್ಮ ಮನೆಯವರು ಫ್ಯಾಕ್ಟರಿ ಶಿಫ್ಟು ಮುಗಿಸಿ ಬಂದಿದ್ದರು. "ಅದಕ್ಕೇನ್ ಮಾವಾ, ಐತಾರ ನಾನಾ ಕರ್ಕೊಂಡು ಹೋಗ್ತೀನಿ ಬರ್ರಿ" ಎಂದರು.

ಅಪ್ಪ ನಾಲಿಗೆ ಕಚ್ಚಿಕೊಂಡರು. "ಅಳಿಯನ ಕೈಲೆ ಗಾಡಿ ಹೊಡಿಸಿ ನಾ ಹಿಂದ ಕುಂದ್ರೋದಾ? ಮಂದಿ ಏನಂದಾರು! ಬ್ಯಾಡ, ಬ್ಯಾಡ."

ಬಾಡಿಗೆ ಕಾರು ತರೋಣವೆಂದರೆ ಅದಕ್ಕೂ ಬೇಡವೆಂದು ತಲೆಯಾಡಿಸಿದರು. "ಆ ಡ್ರೈವರ್ರೂ ನನ್ನಂಗ ಹುಣಸಿ ಮರದ ಕೆಳಗ ಕುಂದ್ರಬೇಕಲ್ಲವ್ವ." ಉಳಿದವಳು ನಾನೊಬ್ಬಳು.

ಡ್ರೈವಿಂಗ್ ಶಾಲೆಯ ಮಾಸ್ತರರು ನನ್ನನ್ನು ದಿನಾ ಬೆಳಿಗ್ಗೆ ಕಂಪ್ಲಿ ರಸ್ತೆಗೆ ಕರೆದೊಯ್ಯುತ್ತಿದ್ದರು. ಒಂದು ಕಡೆ ಕಬ್ಬಿನ ಟ್ರ್ಯಾಕ್ಟರು, ಇನ್ನೊಂದು ಕಡೆ ಗದ್ದೆಯಿಂದೆದ್ದು ಬಂದ ಎಮ್ಮೆಗಳು. ನಾನು ಕಿಟಕಿಯಿಂದ ಇಣುಕಿ, ಸ್ವಲ್ಪ ಸರಿಯಪ್ಪಾ ಎನ್ನುತ್ತಿದ್ದೆ. "ಅಕ್ಕಾರೇ, ಹಾರ್ನ್ ಹೊಡೀರಿ! ಎಮ್ಮಿ ಏನ್ ಕಾನ್ವೆಂಟಿನ್ಯಾಗ ಕಲ್ತಾವೇನು?" ಎಂದು ಮಾಸ್ತರರು ಹಣೆ ಬಡಿದುಕೊಳ್ಳುತ್ತಿದ್ದರು. ಆದರೂ ಒಂದೂವರೆ ತಿಂಗಳಲ್ಲಿ ಕೈ ಕುದುರಿತು.

ಪರೀಕ್ಷೆಯ ಹಿಂದಿನ ದಿನ ಮೊಣಕಾಲು ಎದ್ದು ಕೂತಿತು. ಎದುರು ಮನೆಯಾಕೆ ಜೀರಿಗೆ ಹಾಕಿದ ಮಜ್ಜಿಗೆ ಕುಡಿ ಎಂದಳು. ಎರಡು ಚೊಂಬು ಕುಡಿದೆ, ಬೇರೆಯೇ ಆತುರ ಶುರುವಾಯಿತು. ಮನೆಯವರು, "ಏನೂ ವಿಚಾರ ಮಾಡಬ್ಯಾಡ, ಅಷ್ಟ" ಎಂದರು. ಏನೂ ವಿಚಾರ ಮಾಡದೆ ಇರುವುದು ಹೇಗೆ ಎಂದು ಸಂಜೆಯೆಲ್ಲ ವಿಚಾರ ಮಾಡಿದೆ.

ಮರುದಿನ ಆರ್‌ಟಿಒ ಮೈದಾನದಲ್ಲಿ ನನ್ನ ಸರದಿ. "ಇನ್‌ಸ್ಪೆಕ್ಟರ್ ಸಾಹೇಬ್ರು ಬರೋದ್ರಾಗ ಚಾಲೂ ಮಾಡಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಒತ್ತಿ ರೆಡಿ ಇರ್ರಿ" ಎಂದು ಹೇಳಿ ಮಾಸ್ತರರು ದೂರ ನಿಂತರು. ಬೆಲ್ಟ್ ಹಾಕಿಕೊಂಡೆ. ಹತ್ತರವರೆಗೆ ಎಣಿಸಿದೆ. ಮೊಣಕಾಲು ನಿಜಕ್ಕೂ ನಿಂತಿತ್ತು. ಆಗ ಇನ್‌ಸ್ಪೆಕ್ಟರ್ ಸಾಹೇಬರು ಫೈಲು ಹಿಡಿದು ಬಂದು ಆ ಕಡೆಯ ಬಾಗಿಲು ತೆಗೆದರು. ದೊಡ್ಡವರು ಒಳಗೆ ಬಂದರೆ ಸಿಸ್ಟರ್ ಕೈಯಲ್ಲಿ ಕಲಿತ ಕಾನ್ವೆಂಟಿನ ಹುಡುಗಿ ಏನು ಮಾಡುತ್ತಾಳೆ? ನಾನು ಎದ್ದು ನಿಂತೆ. "ಗುಡ್ ಮಾ...ರ್ನಿಂಗ್ ಸ...ರ್" ಎಂದು ಅದೇ ಹಳೆಯ ರಾಗವೂ ಹೊರಟಿತು. ಬೆಲ್ಟು ನನ್ನನ್ನು ಎಳೆದು ಕೂರಿಸಿತು, ನಿಜ. ಆದರೆ ಕಾಲು ಆಗಲೇ ಕ್ಲಚ್ ಬಿಟ್ಟಾಗಿತ್ತು. ಕಾರು ಕಪ್ಪೆಯ ಹಾಗೆ ಒಮ್ಮೆ ಕುಪ್ಪಳಿಸಿ ಬಂದ್ ಆಯಿತು. ಸಾಹೇಬರ ಕೈಯಲ್ಲಿದ್ದ ಫೈಲು ಒಳಗೆ ಬಂದಿತ್ತು, ಅವರು ಹೊರಗಿದ್ದರು.

"ಕುಂದ್ರಿ ಅಮ್ಮಾ, ಕುಂದ್ರಿ" ಎಂದರು ಅವರು ಸಮಾಧಾನವಾಗಿ. "ನಾ ಏನ್ ಹೆಡ್ ಮಾಸ್ತರ್ ಅಲ್ಲ. ಇನ್ನೊಂದ್ ಸಲ ಬರ್ರಿ."

ಮನೆಗೆ ಬಂದು ಹೇಳಿದೆ. ನಮ್ಮ ಮನೆಯವರು ನಕ್ಕು ನಕ್ಕು ಕೆಮ್ಮಿದರು. ಅಪ್ಪ ನಗಲಿಲ್ಲ. ತಮ್ಮ ಟ್ರಂಕಿನಿಂದ ಹಳದಿ ಬಟ್ಟೆಯೊಂದನ್ನು ತಂದು ನನ್ನ ಕೈಗಿಟ್ಟರು. ನನಗೆ ಅದು ಚೆನ್ನಾಗಿ ಗೊತ್ತು. ಜೀಪು ಹತ್ತುವ ಮೊದಲು ಅಪ್ಪ ದಿನಾ ಅದರಿಂದ ಮುಂದಿನ ಗಾಜು ಒರೆಸುತ್ತಿದ್ದರು. ಅದಿರಿನ ಕೆಂಪು ಧೂಳು ಕೂತ ಗಾಜಿನಲ್ಲಿ ಮೊದಲು ರೊಟ್ಟಿಯಷ್ಟು ಜಾಗ ತಿಳಿಯಾಗುತ್ತಿತ್ತು, ಆ ರೊಟ್ಟಿಯೊಳಗೆ ಅಪ್ಪನ ಮುಖ ಕಾಣುತ್ತಿತ್ತು, ಒಳಗೆ ಕೂತ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿತ್ತು. ಮಳೆ ಹೊಯ್ದು ಗಾಜು ಫಳಫಳ ಎನ್ನುತ್ತಿದ್ದರೂ ಒರೆಸುವುದು ತಪ್ಪುತ್ತಿರಲಿಲ್ಲ. ನಮ್ಮಪ್ಪನಷ್ಟು ಶುಚಿಯ ಡ್ರೈವರ್ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚಿದ್ದೆ.

"ಶುಚಿ ಅಲ್ಲವ್ವ ಅದು" ಎಂದರು ಅಪ್ಪ. "ಗಾಡಿ ಹತ್ತೂಕಿಂತ ಮೊದ್ಲು ನನಗ ಕೈ ನಡಗ್ತಿದ್ವು."

"ನಿನಗಾ? ಆ ಘಾಟಿನ್ಯಾಗ ಮೂವತ್ತು ವರ್ಷ ಗಾಡಿ ಹೊಡದ ನಿನಗಾ?"

"ದಿನಾ. ಸುಮ್ಮನ ನಿಂತು ನಡಗಿದ್ರ ಸಾಹೇಬ್ರು ಗಾಡಿ ಹತ್ತತಾರೇನು? ಒರಸೋ ಕೈ ನಡಗಿದ್ರ ಯಾರಿಗೂ ತಿಳಿಯಂಗಿಲ್ಲ. ಒರಸಿ ಮುಗಿಯೋದ್ರಾಗ ನಡುಕಾನೂ ಮುಗೀತಿತ್ತು." ನನ್ನ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾ, "ನೀ ಒಳಗ ಕುಂತಿದ್ರ ಇನ್ನೊಂದೀಟು ಜಾಸ್ತಿ ಒರಸ್ತಿದ್ದೆ" ಎಂದರು.

ನಾನು ಅಡುಗೆಮನೆಗೆ ಹೋಗಿ, ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸಿದೆ.

ಎರಡನೆಯ ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ನಾನು ಕಾರಿನ ಹೊರಗೇ ನಿಂತು ಗಾಜು ಒರೆಸುತ್ತಿದ್ದೆ. ಮೊದಲೇ ನಿಂತಿದ್ದರಿಂದ ಮತ್ತೆ ಏಳುವ ಪ್ರಶ್ನೆಯೇ ಬರಲಿಲ್ಲ. "ಸಾಕು ಬಿಡ್ರಿ ಅಮ್ಮಾ, ಗಾಜು ಸವದೀತು" ಎಂದು ಅವರೇ ಅವಸರ ಮಾಡಿದರು. ಮೈದಾನ ಸುತ್ತಿ, ಹಿಂದಕ್ಕೂ ತಂದು ನಿಲ್ಲಿಸಿದೆ. ಪಾಸು.

ಲೈಸೆನ್ಸು ಕೈಗೆ ಬಂದ ವಾರವೇ ಅಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಹಂಪಿ ಮುಟ್ಟುವವರೆಗೂ ಅವರ ಬಲಗಾಲು ಇಲ್ಲದ ಬ್ರೇಕು ಒತ್ತುತ್ತಲೇ ಇತ್ತು. "ಗೇರ್ ಇಳಸು. ಲಾರಿ ಬಂತು ನೋಡು. ಜಲ್ದಿ ಬ್ಯಾಡ."

"ಸಾಹೇಬ್ರು ಹಿಂಗ ಮಾತಾಡ್ತಿದ್ರೇನಪ್ಪಾ?"

"ಅವರಿಗೆ ಗಾಡಿ ಹೊಡಿಯಾಕ ಬರ್ತಿದ್ದಿಲ್ಲ."

ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದೆ. ಇಳಿದು ಹೋಗಿ, ಸಾಹೇಬರಿಗೆ ತೆಗೆಯುವಂತೆ ಅಪ್ಪನಿಗೆ ಬಾಗಿಲು ತೆಗೆಯಬೇಕು ಎಂದುಕೊಂಡಿದ್ದೆ. ಬೆಲ್ಟು ಬಿಚ್ಚುವಷ್ಟರಲ್ಲಿ ನನ್ನ ಪಕ್ಕದ ಬಾಗಿಲೇ ತೆರೆಯಿತು. ಹಿಡಿಕೆ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು, ಬೆನ್ನು ನೆಟ್ಟಗೆ ಮಾಡಿ ಅಪ್ಪ ನಿಂತಿದ್ದರು. ತಾವು ಏನು ಮಾಡುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಪಾಪ, ಆ ಸಿಸ್ಟರ್ ಮೇಲೆ ಇಷ್ಟು ದಿನ ಸುಮ್ಮನೆ ತಪ್ಪು ಹೊರಿಸಿದ್ದೆ. ಎದ್ದು ನಿಲ್ಲುವುದು ನನ್ನ ರಕ್ತದಲ್ಲೇ ಬಂದದ್ದು.

ಕಣ್ಣಿಗೆ ನೀರು ಬಂತು. ಅದನ್ನು ಮುಚ್ಚಿಕೊಳ್ಳಲು ತಲೆಯೆತ್ತಿ, ಗತ್ತಿನಿಂದ ಕೆಳಗಿಳಿದೆ. ಕಾರು ಮೆಲ್ಲಗೆ ಹಿಂದಕ್ಕೆ ಜರುಗತೊಡಗಿತು. ಅಪ್ಪ ಒಳಗೆ ಬಾಗಿ ಹ್ಯಾಂಡ್ ಬ್ರೇಕ್ ಎಳೆದರು.

ಆಮೇಲೆ ನನ್ನ ಕೈ ಹಿಡಿದು, ಕಾರನ್ನು ಒಂಟಿಯಾಗಿ ಬಿಟ್ಟು, ಗೋಪುರದ ಕಡೆಗೆ ನಡೆದರು. ನಾಲ್ಕು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತಿದ್ದರು. "ಇನ್ನೂ ಗಾಡಿ ಕಾಯೋದು ಬಿಡಲಿಲ್ಲೇನಪ್ಪಾ? ಮುಂದ ನೋಡು, ಗೋಪುರ ಹೆಂಗೈತಿ" ಎಂದೆ.

"ನೋಡ್ತೀನಿ ತಡಿಯವ್ವ" ಎಂದರು ಅಪ್ಪ. "ಡ್ರೈವರ್ ಹೊಸಬಳು."