ಸಾಬುದಾಣಿಯ ಉಪವಾಸವನ್ನು ಮಾನ್ಯ ಮಾಡದ ಎಂಟಾರ್ ಸಾಹೇಬರಿಗೆ

ಜೀವಕೋಶದ ಉಗ್ರಾಣವನ್ನು ಕಾಯುವ ಮಾನ್ಯರೇ,

ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದಲ್ಲಾಳಿಯ ಅಡತ್ ಅಂಗಡಿ ನಡೆಸುವ ಅರವತ್ತೊಂದು ವರ್ಷದ ಮಹಾರುದ್ರಪ್ಪನ ಶರಣು ಶರಣಾರ್ಥಿಗಳು. ತಾವು ನನ್ನೊಳಗೇ ಬಿಡಾರ ಹೂಡಿದ್ದರೂ ಇಷ್ಟು ದಿನ ಮಾತಾಡಿಸಲಿಲ್ಲ, ಕ್ಷಮಿಸಬೇಕು.

ತಮ್ಮ ಪರಿಚಯ ಮಾಡಿಸಿದವಳು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿರುವ ನಮ್ಮ ಸೊಸೆ ವರ್ಷಾ. ತಾವು ಪ್ರತಿ ಜೀವಕೋಶದಲ್ಲೂ ಕೂತಿರುವ ಎಂಟಾರ್ (mTOR) ಎಂಬ ಪ್ರೋಟೀನಂತೆ. ಅನ್ನ ಬಂದ ಸುದ್ದಿ ಮುಟ್ಟಿದರೆ ತಾವು ‘ಕಟ್ಟಿರಿ, ಬೆಳೆಸಿರಿ’ ಎಂದು ಹುಕುಂ ಹೊರಡಿಸುತ್ತೀರಂತೆ, ಬರದಿದ್ದಾಗ ಸುಮ್ಮನಾಗಿ ಕೋಶದ ಹಳೆಯ ಕಸ ಗುಡಿಸಲು ಬಿಡುತ್ತೀರಂತೆ. ವಯಸ್ಸಾದ ಮೇಲೂ ಬರೀ ಕಟ್ಟುತ್ತ ಕೂತರೆ ರಕ್ತನಾಳಕ್ಕೆ ಒಳ್ಳೆಯದಲ್ಲವಂತೆ. ನನ್ನ ಹೃದಯದ ಒಂದು ನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿದೆ. ಮೂರು ತಿಂಗಳಲ್ಲಿ ಸಕ್ಕರೆ, ತೂಕ ಇಳಿಯದಿದ್ದರೆ ಎದೆ ಕೊಯ್ಯುವ ಮಾತಾಡೋಣ ಎಂದು ಬಸವಕಲ್ಯಾಣದ ಡಾಕ್ಟರರು ಹೇಳಿದ್ದಾರೆ.

ನನ್ನ ದೂರು ಇಷ್ಟೇ. ನಲವತ್ತು ವರ್ಷದಿಂದ ಒಂದು ಸೋಮವಾರವೂ ತಪ್ಪದೆ ಉಪವಾಸ ಮಾಡಿದ್ದೇನೆ, ತಾವು ಒಂದು ದಿನವೂ ಕಸಬರಿಗೆ ಹಿಡಿಸಲಿಲ್ಲ. ಉಪವಾಸಕ್ಕೆ ಏನು ತಿನ್ನುತ್ತೀರಿ ಎಂದು ವರ್ಷಾ ಕೇಳಿದಳು. ಬೆಳಿಗ್ಗೆ ಸಾಬುದಾಣಿ, ಅಂದರೆ ಸಬ್ಬಕ್ಕಿಯ ಖಿಚಡಿ, ಮಧ್ಯಾಹ್ನ ಕರಿದ ಆಲೂಗಡ್ಡೆ, ನಾಲ್ಕಕ್ಕೆ ಶೇಂಗಾ ಉಂಡಿ, ಸಂಜೆ ಬಾಳೆಹಣ್ಣು, ಕೆನೆಹಾಲು ಎಂದು ಇದ್ದದ್ದು ಇದ್ದಹಾಗೆ ಹೇಳಿದೆ. ಆ ಹುಡುಗಿ ಗೋಡೆ ಹಿಡಿದುಕೊಂಡು ನಕ್ಕಳು. ನಮ್ಮ ಇಡೀ ಓಣಿಯೇ ಊಟವಲ್ಲವೆಂದು ಒಪ್ಪಿದ ಪದಾರ್ಥಗಳನ್ನು ತಾವೊಬ್ಬರೇ ಊಟವೆಂದು ಹಟ ಹಿಡಿದಿದ್ದೀರಿ. ಗಂಜಿನಲ್ಲಿ ಒಂದು ಕಾಳೂ ನನ್ನ ಕಣ್ಣು ತಪ್ಪಿಸದೆಂಬ ಜಂಬ ನನಗಿತ್ತು. ತಮ್ಮ ಮುಂದೆ ನಾನು ಏನೂ ಅಲ್ಲ, ಬಿಡಿ. ಆದ್ದರಿಂದ ಸೋಮವಾರದ ಶೇಂಗಾ ಉಂಡಿಯನ್ನು ತಾವು ಭಕ್ತಿಯೆಂದೇ ತಿಳಿಯಬೇಕು, ಸಾಬುದಾಣಿ ಬಂದಾಗ ಮುಖ ಆಚೆ ತಿರುಗಿಸಬೇಕು, ಅದೂ ಆಗದಿದ್ದರೆ ಹುಲಸೂರಿಗೆ ವರ್ಗ ಮಾಡಿಸಿಕೊಳ್ಳಬೇಕು ಎಂದು ಕೈಮುಗಿದು ಬೇಡುವವನಿದ್ದೆ.

ಅಷ್ಟರಲ್ಲಿ ಹೋದ ಸೋಮವಾರ ನನ್ನ ಹೆಂಡತಿ ಶಕುಂತಲಾಬಾಯಿ ನೆನೆಸಿದ ಸಾಬುದಾಣಿಯನ್ನು ಎಮ್ಮೆಯ ಮುಂದಿಟ್ಟು ಬಂದಳು. ಮನೆಯಲ್ಲಿ ದೇವರ ಕೆಲಸಕ್ಕೂ ಬೆಲೆಯಿಲ್ಲವೇ ಎಂದು ನಾನು ಮುಖ ಊದಿಸಿಕೊಂಡು ಕೂತೆ. ಅವಳು ಜಗಳ ಮಾಡಲಿಲ್ಲ, ಎದುರಿಗೆ ಬಂದು ಕೂತು, “ನೀವು ಹೋದ ಮ್ಯಾಲ ನಾ ಯಾರಿಗಿ ಮಾಡ್ಲಿರಿ?” ಎಂದಳು. ಡಾಕ್ಟರರು ಎದೆ ಕೊಯ್ಯುವ ಮಾತಾಡಿದಾಗ ಬಾರದ ಹೆದರಿಕೆ ಆಗ ಬಂತು, ಮಾನ್ಯರೇ. ಹೀಗಾಗಿ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ, ತಮ್ಮದೇ ಮನೆಯ ಮಾಲೀಕ,
ಮಹಾರುದ್ರಪ್ಪ

ವಿ.ಸೂ.: ಇಂದು ಸೋಮವಾರ. ಡಾಕ್ಟರರನ್ನು ಕೇಳಿಕೊಂಡೇ ಬೆಳಗಿನಿಂದ ಬರೀ ನೀರು ಕುಡಿದು ಕೂತಿದ್ದೇನೆ. ನನ್ನ ಕೆಲಸ ನಾನು ಮಾಡಿದೆ. ಇನ್ನೂ ಕಸ ಹಾಗೇ ಬಿದ್ದಿದ್ದರೆ ಶಕುಂತಲಾಬಾಯಿಯ ಪ್ರಶ್ನೆಗೆ ತಾವೇ ಬಂದು ಉತ್ತರ ಹೇಳಿ.