ಅಲ್ಪವಿರಾಮರ ಕಂಪ್ಯೂಟರ್ ಚಿಕಿತ್ಸೆ

"ಇವತ್ತು ಈ ಕಂಪ್ಯೂಟರಿನ ಸೋಮಾರಿತನ ಬಿಡಿಸದಿದ್ರೆ ನನ್ನ ಹೆಸರು ಬದಲಾಯಿಸು!"

ಭಾನುವಾರ ಬೆಳಗ್ಗೆ ಬನಿಯನ್ನಿನಲ್ಲೇ ಸಮರಕ್ಕೆ ಸಿದ್ಧರಾದ ಅಲ್ಪವಿರಾಮರು ಪತ್ನಿಗೆ ಘೋಷಿಸಿದರು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ. ಕಂಡಕಂಡಲ್ಲಿ ಅಲ್ಪವಿರಾಮ ಸೇರಿಸುತ್ತಿದ್ದುದರಿಂದ ಸಹೋದ್ಯೋಗಿಗಳು ಈ ಬಿರುದು ದಯಪಾಲಿಸಿದ್ದರು.

"ರಿಪೇರಿಯವರಿಗೆ ಕೊಡಬಾರ್ದೇನ್ರೀ?"

"ಅಂದ್ರೆ, ನನಗೆ ಬರಲ್ಲ ಅಂತಾನಾ?"

"ಬರುತ್ತೆ ಅಂತೀರಲ್ಲ, ಅದೇ ಭಯ."

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಜಾಹೀರಾತೊಂದು ಮಿನುಗಿತು: 'ನಿಮ್ಮ ಕಂಪ್ಯೂಟರನ್ನು ಕುದುರೆಯಂತೆ ಓಡಿಸಿ! ಪೂರ್ತಿ ಉಚಿತ!' ಬಿಡುತ್ತಾರೆಯೇ? ಅದು ಕೇಳಿದ್ದಕ್ಕೆಲ್ಲ ಹೊಸ ಅಳಿಯನಂತೆ ತಲೆಯಾಡಿಸುತ್ತ 'ಹೌದು', 'ಹೌದು' ಎಂದು ಒತ್ತಿದರು. 'ಎಚ್ಚರಿಕೆ!' ಎಂದು ಬೊಬ್ಬೆ ಹೊಡೆದ ಕಾವಲು ತಂತ್ರಾಂಶದ ಬಾಯನ್ನೂ ಮುಚ್ಚಿಸಿದರು.

ಸ್ವಲ್ಪ ಹೊತ್ತು ಕುದುರೆ ಓಡಿತು. ಆಮೇಲೆ ಒದೆಯತೊಡಗಿತು! ಪರದೆಯ ತುಂಬ ಜಾಹೀರಾತುಗಳ ಜಾತ್ರೆ. ಒಂದನ್ನು ಮುಚ್ಚಿದರೆ ಅದರ ಅಣ್ಣತಮ್ಮಂದಿರೆಲ್ಲ ಹಾಜರು. ಕೊನೆಗೆ ಕ್ಯಾಮೆರಾದ ದೀಪ ತಾನಾಗಿಯೇ ಹೊತ್ತಿಕೊಂಡಿತು.

"ಲೇ, ಯಾರೋ ನನ್ನ ನೋಡ್ತಿದ್ದಾರೆ ಕಣೇ!" ಅಲ್ಪವಿರಾಮರು ಮೇಜಿನ ಕೆಳಗೆ ತೂರಿದರು.

"ನೋಡೋಕೆ ಅಂಥದ್ದೇನಿದೆ ಅಲ್ಲಿ?" ಎನ್ನುತ್ತಲೇ ಪತ್ನಿ ಕ್ಯಾಮೆರಾದ ಮೇಲೆ ಟವೆಲ್ ಎಸೆದು, ಮುದ್ರಣಾಲಯದ ಪುಟವಿನ್ಯಾಸಗಾರ್ತಿಗೆ ಫೋನ್ ಮಾಡಿದರು.

ಆಕೆ ಬಂದವಳೇ ಇಂಟರ್ನೆಟ್ ತಂತಿ ಕಿತ್ತಳು. "ಸಾರ್, ಇದು ಟ್ರೋಜನ್ ಕುದುರೆ."

"ಕುದುರೆ ಅಂತ ಹೇಳ್ಕೊಂಡೇ ಬಂತಲ್ಲಮ್ಮಾ!"

"ಉಪಕಾರಿ ವೇಷದಲ್ಲಿ ಬಂದು ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತೆ ಸಾರ್. ಒಳಗೆ ಬಂದ್ಮೇಲೆ ತನ್ನ ನೆಂಟರನ್ನೆಲ್ಲ ಕರೆಸ್ಕೊಳ್ಳುತ್ತೆ. ಅದರಲ್ಲೊಬ್ಬ ಗೂಢಚಾರ. ನೀವು ಒತ್ತಿದ ಒಂದೊಂದು ಅಕ್ಷರಾನೂ ಕದ್ದು ಕಳಿಸ್ತಾನೆ."

"ಪಾಸ್‌ವರ್ಡೂ?"

"ಅದೇ ಮೊದಲು! ನಿಮ್ಮ ಹೆಸರಲ್ಲಿ ಪರಿಚಯದವರಿಗೆಲ್ಲ ಇಮೇಲ್ ಹೋಗಿದೆ. ನನಗೂ ಬಂದಿದೆ ನೋಡಿ."

ಆಕೆಯ ಫೋನಿನಲ್ಲಿ ಹೀಗಿತ್ತು: 'ನಿಮನು ನೆನೆದು ಕಣು ತುಂಬಿತು. ಈ ಕಡತ ತೆರೆದು ನನ ಹೃದಯ ನೋಡಿ.'

ಅಲ್ಪವಿರಾಮರು ಎದೆ ಹಿಡಿದುಕೊಂಡರು. "ಅಯ್ಯಯ್ಯೋ! ನನ್ನ ಹೆಸರಲ್ಲಿ, ಒಂದೂ ಒತ್ತಕ್ಷರ ಇಲ್ಲದ ಪತ್ರ!"

ಆಕೆ ಪಾಸ್‌ವರ್ಡುಗಳನ್ನು ತನ್ನ ಫೋನಿನಿಂದಲೇ ಬದಲಾಯಿಸಿಕೊಟ್ಟು, ಕಂಪ್ಯೂಟರನ್ನು ಪೂರ್ತಿ ಅಳಿಸಲು ಕೂತಾಗ ಅಲ್ಪವಿರಾಮರ ಫೋನ್ ಬಡಿದುಕೊಂಡಿತು. ಮಾವನವರು! ತಾವು ಬರೆದ ಪದ್ಯಕ್ಕೆ ಅಳಿಯ ಕೆಂಪು ಶಾಯಿ ಬಳಿದಂದಿನಿಂದ ಅವರು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಅಳಿಯಂದ್ರೇ, ನಿಮ್ಮ ಪತ್ರ ಓದ್ದೆ. ಎಷ್ಟೊಂದು ತಪ್ಪು! ನಿಮ್ಮ ಕೈಯಲ್ಲೇ ಇಷ್ಟು ತಪ್ಪಾಗಿದೆ ಅಂದ್ರೆ, ಪಾಪ, ಬರೆಯೋವಾಗ ಎಷ್ಟು ಅತ್ತಿರಬೇಕು ನೀವು! ಹೃದಯಾನೂ ತೆರೆದು ನೋಡ್ದೆ. ಆಮೇಲೆ ಕಂಪ್ಯೂಟರ್ ಮಿಸುಕ್ತಾನೇ ಇಲ್ಲ. ಹೊತ್ಕೊಂಡು ಅಲ್ಲಿಗೇ ಬರ್ತಿದ್ದೀನಿ. ನಾಲ್ಕು ದಿನ ಇದ್ದು ಹೋಗ್ತೀನಿ."

ಫೋನಿಟ್ಟ ಅಲ್ಪವಿರಾಮರು ಬೆವರೊರೆಸಿಕೊಂಡರು. "ಅದು ನಾನು ಬರೆದದ್ದಲ್ಲ ಅಂತ ನಿಮ್ಮಪ್ಪನಿಗೆ ಹೇಳಿಬಿಡೇ!"

"ಬಾಯಿ ಬಿಟ್ಟೀರಿ, ಜೋಕೆ!" ಪತ್ನಿ ಸೆರಗಿನಿಂದ ಕಣ್ಣೊರೆಸಿಕೊಂಡು ಪುಟವಿನ್ಯಾಸಗಾರ್ತಿಯತ್ತ ತಿರುಗಿದರು. "ಅಮ್ಮಾ, ಆ ವೈರಸ್ಸನ್ನ ಪೂರ್ತಿ ಅಳಿಸ್ಬೇಡ, ಒಂಚೂರು ಉಳಿಸು. ಇವರಿಗಿಂತ ಅದಕ್ಕೇ ಸಂಸಾರ ಮಾಡೋದು ಚೆನ್ನಾಗಿ ಗೊತ್ತು!"